ಅಧಿಕಾರ ನಡೆಸುತ್ತಲೇ ಕಲಿತ ನಾಯಕತ್ವ: ಗ್ರಾಮ ಪಂಚಾಯಿತಿಯ ಹೆಣ್ಣುಮಕ್ಕಳು

2020ರ ಡಿಸೆಂಬರ್ 22 ಮತ್ತು 27ರಂದು ಕರ್ನಾಟಕದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ ಮತದಾನ ನಡೆಯಿತು. 30ರಂದು ಎಣಿಕೆ. ಮುಂದಿನ ಜನವರಿ, ಫೆಬ್ರುವರಿಯಲ್ಲಿ ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆ ಮುಗಿಯಿತು. ಸದಸ್ಯ ಸ್ಥಾನಗಳಲ್ಲೂ ಅಧ್ಯಕ್ಷ ಸ್ಥಾನಗಳಲ್ಲೂ ಅರ್ಧ ಹೆಣ್ಣುಮಕ್ಕಳಿಗೆ ಮೀಸಲು. ಹಾಗೆ ಗೆದ್ದು ಬಂದವರಲ್ಲಿ ಎಷ್ಟೋ ಮಂದಿಗೆ ಪಂಚಾಯಿತಿ ಕಚೇರಿ ಎಂದರೆ ಅಲ್ಲಿಯವರೆಗೆ ಕಂದಾಯ ಕಟ್ಟಲು, ಇಲ್ಲವೇ ಮನೆ ಮಂಜೂರಾತಿ ಕೇಳಲು ಹೋಗಿ ಬಾಗಿಲಲ್ಲಿ ನಿಂತು ಬಂದ ಜಾಗ. ಅಲ್ಲಿ ಕುರ್ಚಿ ಎಳೆದುಕೊಂಡು ಕೂತು ಎರಡು ತಿಂಗಳೂ ಸರಿಯಾಗಿ ಆಗಿರಲಿಲ್ಲ, ಕೋವಿಡ್‌ನ ಎರಡನೇ ಅಲೆ ಬಂತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೇ ಬಾಗಿಲು ಹಾಕಿಕೊಂಡಿತು. ಬೆಂಗಳೂರಿಗೆ ದುಡಿಯಲು ಹೋದವರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರು. ಬಂದವರನ್ನು ಎಲ್ಲಿ ಇರಿಸಬೇಕು, ಜ್ವರ ಬಂದವರನ್ನು ಯಾವ ಗಾಡಿಯಲ್ಲಿ ಕಳಿಸಬೇಕು, ಸತ್ತವರ ಮಣ್ಣಿಗೆ ಯಾರು ಬರುತ್ತಾರೆ ಎಂಬ ಪ್ರಶ್ನೆಗಳು ಆ ಹೊಸ ಅಧ್ಯಕ್ಷೆಯರ ಮುಂದೆ ಬಂದು ನಿಂತವು. ಇವಕ್ಕೆ ಯಾವ ಪುಸ್ತಕದಲ್ಲೂ ಉತ್ತರ ಬರೆದಿರಲಿಲ್ಲ.

ಗೊತ್ತಿಲ್ಲದ ಕಾಲದಲ್ಲಿ ಗೊತ್ತಿಲ್ಲದ ಕೆಲಸವನ್ನು ಮಾಡುತ್ತಲೇ ನಾಯಕತ್ವ ಕಲಿಯುವುದು ಹೇಗೆ ಎಂಬುದಕ್ಕೆ ನಮ್ಮ ಗ್ರಾಮ ಪಂಚಾಯಿತಿಗಿಂತ ದೊಡ್ಡ ಉದಾಹರಣೆಯನ್ನು ಹುಡುಕುವುದು ಕಷ್ಟ. 1987ರಿಂದ ಈಚೆಗೆ ಲಕ್ಷಗಟ್ಟಲೆ ಹೆಣ್ಣುಮಕ್ಕಳು ಇಲ್ಲಿ ಈ ದಾರಿಯಲ್ಲಿ ನಡೆದಿದ್ದಾರೆ. ಕೆಲವರು ಕಲಿತರು, ಕೆಲವರು ಕಲಿಯಲಿಲ್ಲ. ಈ ವ್ಯತ್ಯಾಸವನ್ನು ಅವರ ಓದಿನಲ್ಲಿ ಹುಡುಕುವುದು ವಾಡಿಕೆ. ತೀರ್ಮಾನ ನಿಜವಾಗಿ ಯಾರ ಕೈಯಲ್ಲಿತ್ತು ಎಂಬಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ಕಲ್ಲಿದ್ದಲು ಗಣಿಯಿಂದ ಬಂದ ವಿಚಾರ

ಕೆಲಸದ ನಡುವೆಯೇ ಕಲಿಯುವುದು ಹೊಸದಲ್ಲ. ಕಮ್ಮಾರನ ಮಗ ತಿದಿ ಒತ್ತುತ್ತಲೇ ಕಮ್ಮಾರಿಕೆ ಕಲಿತ. ಆದರೆ ಕಮ್ಮಾರಿಕೆಯಲ್ಲಿ ಕಲಿಸುವವನಿಗೆ ಉತ್ತರ ಗೊತ್ತಿರುತ್ತದೆ. ಕಲಿಸುವವನಿಗೂ ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡಬೇಕು ಎಂದು ಗಂಭೀರವಾಗಿ ಕೇಳಿದವರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ರೆವನ್ಸ್ ಪ್ರಮುಖರು. 1907ರಲ್ಲಿ ಹುಟ್ಟಿ 2003ರಲ್ಲಿ ತೀರಿಕೊಂಡ ಅವರು ಓದಿನಿಂದ ಭೌತವಿಜ್ಞಾನಿ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಉದ್ದಜಿಗಿತಕ್ಕೂ ಇಳಿದಿದ್ದರು. ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿದ್ದಾಗ ಅವರು ಕಂಡ ಒಂದು ಸಂಗತಿ ಜೀವನಪೂರ್ತಿ ಜೊತೆಗುಳಿಯಿತು. ರುದರ್‌ಫರ್ಡ್ ಅವರಂಥ ಘಟಾನುಘಟಿಗಳು ಅಲ್ಲಿ ಒಟ್ಟಿಗೆ ಕೂತು ತಮಗೆ ಗೊತ್ತಿರುವುದನ್ನು ಮೆರೆಸುತ್ತಿರಲಿಲ್ಲ, ಗೊತ್ತಾಗದೆ ಉಳಿದದ್ದನ್ನು ಹೇಳಿಕೊಳ್ಳುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿದ ಹೊತ್ತು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳು 1947ರ ಜನವರಿ 1ರಂದು ಸರ್ಕಾರದ ಒಡೆತನಕ್ಕೆ ಬಂದವು. ಮಾಲೀಕರು ಬದಲಾದರು, ನಿಯಮ ಬದಲಾಯಿತು, ದೇಶಕ್ಕೆ ಇಂಧನ ಸಾಲದಾಗಿತ್ತು. ಗಣಿಗಳನ್ನು ನಡೆಸುತ್ತಿದ್ದ ಸರ್ಕಾರಿ ಮಂಡಳಿಯ ಶಿಕ್ಷಣ ವಿಭಾಗದಲ್ಲಿದ್ದ ರೆವನ್ಸ್ ಗಣಿಯ ಮ್ಯಾನೇಜರುಗಳನ್ನು ಕಾಲೇಜಿಗೆ ಕಳಿಸುವ ಗೋಜಿಗೆ ಹೋಗಲಿಲ್ಲ. ಅವರನ್ನೇ ಸಣ್ಣ ಗುಂಪುಗಳಲ್ಲಿ ಕೂರಿಸಿ, ಒಬ್ಬರ ಗಣಿಗೆ ಇನ್ನೊಬ್ಬರು ಇಳಿದು ನೋಡುವಂತೆ ಮಾಡಿ, ತಮ್ಮ ತಮ್ಮ ತೊಡಕನ್ನು ಬಿಡಿಸಿಡಲು ಹೇಳಿದರು. ಮುಂದೆ 1960ರ ದಶಕದಲ್ಲಿ ಲಂಡನ್ನಿನ ಹತ್ತು ಆಸ್ಪತ್ರೆಗಳಲ್ಲಿ ವೈದ್ಯರು, ದಾದಿಯರು, ಆಡಳಿತದವರನ್ನು ಇದೇ ಬಗೆಯಲ್ಲಿ ಕೂಡಿಸಿದರು. ಈ ಪದ್ಧತಿಗೆ ಕ್ರಿಯಾಕಲಿಕೆ ಎಂಬ ಹೆಸರು ನಿಂತಿತು. ಕಲಿಕೆಯಲ್ಲಿ ಎರಡು ಪಾಲಿವೆ ಎಂಬುದು ಅದರ ತಿರುಳು. ಒಂದು, ಈಗಾಗಲೇ ಬರೆದಿಟ್ಟ ಜ್ಞಾನ. ಇನ್ನೊಂದು, ಈ ಜಾಗದಲ್ಲಿ ಈಗ ಕೇಳಬೇಕಾದ ಪ್ರಶ್ನೆ. ಕಾಲ ನೆಟ್ಟಗಿದ್ದಾಗ ಮೊದಲನೆಯದರಲ್ಲಿ ಹೇಗೋ ಸಾಗುತ್ತದೆ. ಕಾಲ ಕದಡಿದಾಗ ಎರಡನೆಯದಿಲ್ಲದೆ ಹೆಜ್ಜೆ ಎತ್ತಿಡಲಾಗದು.

ಕಂಪನಿಗಳ ತರಬೇತಿ ವಿಭಾಗಗಳಲ್ಲಿ ಇನ್ನೊಂದು ಲೆಕ್ಕ ಬಹಳ ಓಡಾಡುತ್ತದೆ: ನಾಯಕರು ಕಲಿತದ್ದರಲ್ಲಿ ಶೇ 70 ಕೆಲಸದಿಂದ, ಶೇ 20 ಜೊತೆಯವರಿಂದ, ಶೇ 10 ತರಗತಿಯಿಂದ. 1980ರ ದಶಕದಲ್ಲಿ ಅಮೆರಿಕದ ಅಧಿಕಾರಿಗಳು ತಮ್ಮ ಅನುಭವ ನೆನೆದು ಹೇಳಿದ ಮಾತುಗಳಿಂದ ಹುಟ್ಟಿದ ಲೆಕ್ಕವಿದು. ತಕ್ಕಡಿಯಲ್ಲಿ ತೂಗಿ ಬಂದ ಸತ್ಯದಂತೆ ಇದನ್ನು ಹಿಡಿದುಕೊಳ್ಳುವುದು ಸರಿಯಲ್ಲ. ಅದಕ್ಕಿಂತ ರೆವನ್ಸ್ ಅವರ ಒಂದು ಷರತ್ತು ಮುಖ್ಯ. ತೊಡಕು ನಿಜವಾದದ್ದಾಗಿರಬೇಕು, ಅದನ್ನು ಬಿಡಿಸುವ ಹೊಣೆ ಕಲಿಯುವವರದ್ದೇ ಆಗಿರಬೇಕು. ಅಣಕು ಸಮಸ್ಯೆ ಸಾಲದು.

ನಜೀರ್ ಸಾಬ್ ತೆರೆದ ಬಾಗಿಲು

ಕರ್ನಾಟಕದಲ್ಲಿ ಈ ಹೊಣೆ ಹೆಣ್ಣುಮಕ್ಕಳ ಕೈಗೆ ಬರಲು ಶುರುವಾದದ್ದು ಸಂವಿಧಾನದ ತಿದ್ದುಪಡಿಗೂ ಮುಂಚೆ. ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದವರು ಅಬ್ದುಲ್ ನಜೀರ್ ಸಾಬ್. ಬರದ ವರ್ಷಗಳಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ಅವರ ಕಾಲದಲ್ಲಿ ಬಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ಕಟ್ಟಿತು. ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿಟ್ಟಿತು. ರಾಷ್ಟ್ರಪತಿಗಳ ಅಂಕಿತ ಬೀಳುವಾಗ 1985. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮರುವರ್ಷವೇ ನಜೀರ್ ಸಾಬ್ ತೀರಿಕೊಂಡರು.

ಆಮೇಲೆ ಬಂತು ಸಂವಿಧಾನದ 73ನೇ ತಿದ್ದುಪಡಿ. 1993ರ ಏಪ್ರಿಲ್ 24ರಂದು ಅದು ಜಾರಿಯಾದ ಕೆಲವೇ ದಿನಗಳಲ್ಲಿ, ಮೇ 10ರಂದು, ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂತು. ವರ್ಷದ ಕೊನೆಗೆ ಗ್ರಾಮ ಪಂಚಾಯಿತಿ ಚುನಾವಣೆಯೂ ನಡೆಯಿತು. ಮೀಸಲಾತಿ ಮೂರನೇ ಒಂದರಷ್ಟಿದ್ದರೂ ಗೆದ್ದ ಹೆಣ್ಣುಮಕ್ಕಳ ಪಾಲು ಶೇ 40 ದಾಟಿತ್ತು. ಮುಂದೆ ಕಾಯ್ದೆ ತಿದ್ದಿ ಮೀಸಲಾತಿಯನ್ನು ಅರ್ಧಕ್ಕೆ ಏರಿಸಲಾಯಿತು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು ಎಂಬುದು ಕಾಯ್ದೆಯ ಲೆಕ್ಕ. ಅಂದರೆ ಸದಸ್ಯೆಯ ಮನೆ ಪ್ರತಿ ಮತದಾರರ ಮನೆಯಿಂದ ನಡಿಗೆಯ ದೂರದಲ್ಲಿರುತ್ತದೆ. ತಪ್ಪು ಮಾಡಿದರೆ ಬೆಳಗಾಗುವುದರೊಳಗೆ ಬಾಗಿಲಿಗೆ ಬಂದು ಹೇಳುವವರು ಇರುತ್ತಾರೆ. ಕಲಿಯುವವರಿಗೆ ಇಷ್ಟು ಬೇಗ ಫಲಿತಾಂಶ ತಿಳಿಸುವ ಪಾಠಶಾಲೆ ಬೇರೊಂದಿಲ್ಲ.

ಒಂದು ಬೇಸಿಗೆ

ಬಯಲುಸೀಮೆಯ ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಮಾರ್ಚ್ ಮುಗಿಯುತ್ತಿದೆ. ಹೊಸ ಅಧ್ಯಕ್ಷೆ ಏಳನೇ ತರಗತಿವರೆಗೆ ಓದಿದವರು, ಬೀಡಿ ಕಟ್ಟಿಯೋ ಕೂಲಿಗೆ ಹೋಗಿಯೋ ಸಂಸಾರ ನಡೆಸಿದವರು. ಬೆಳಿಗ್ಗೆ ಆರಕ್ಕೆ ಹರಿಜನ ಕೇರಿಯ ನಾಲ್ಕು ಹೆಂಗಸರು ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಮೂರು ದಿನದಿಂದ ನಲ್ಲಿ ಒಣಗಿದೆ.

ಮೊದಲ ಪ್ರಶ್ನೆಯಲ್ಲೇ ಕಲಿಕೆ ಇದೆ: ನೀರಿಲ್ಲವೋ, ನೀರು ಬಿಟ್ಟಿಲ್ಲವೋ? ನೀರುಗಂಟಿಯನ್ನು ಕರೆಸಿ ಕೇಳಿದರೆ ಬೋರ್‌ವೆಲ್‌ನಲ್ಲಿ ನೀರು ಇಳಿದಿದೆ ಎನ್ನುತ್ತಾನೆ. ಅದು ಅರ್ಧ ನಿಜ. ಮಿಕ್ಕರ್ಧ ತಿಳಿಯಬೇಕಾದರೆ ಬೆಳಗಿನ ಜಾವ ಅವನ ಹಿಂದೆ ವಾಲ್ವ್‌ನಿಂದ ವಾಲ್ವ್‌ಗೆ ನಡೆಯಬೇಕು. ಮೇಲಿನ ಕೇರಿಗೆ ಒಂದೂವರೆ ಗಂಟೆ, ಕೆಳಗಿನ ಕೇರಿಗೆ ಇಪ್ಪತ್ತು ನಿಮಿಷ ಬಿಡುವ ಪದ್ಧತಿ ಯಾರೋ ಯಾವಾಗಲೋ ಹಾಕಿದ್ದು, ಅದು ಯಾವ ಕಡತದಲ್ಲೂ ಇಲ್ಲ. ಪೈಪಿಗೆ ಕದ್ದು ಹಾಕಿದ ಮೋಟಾರು ಎರಡು ಮನೆಗಳಲ್ಲಿವೆ. ಅದರಲ್ಲಿ ಒಂದು ಮನೆ ತನ್ನನ್ನು ಗೆಲ್ಲಿಸಲು ಓಡಾಡಿದ ಸದಸ್ಯರದ್ದು.

ಇಲ್ಲಿಂದ ಮುಂದೆ ಆಯ್ಕೆಗಳು ಕವಲೊಡೆಯುತ್ತವೆ. ಹೊಸ ಬೋರ್ ಕೊರೆಸಬೇಕೆಂದರೆ ಪಾಯಿಂಟ್ ಯಾರು ನೋಡಬೇಕು, ಹಣ ಯಾವ ಲೆಕ್ಕದಿಂದ? 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಎಂದು ಕಟ್ಟಿಟ್ಟದ್ದು. ಆದರೆ ಕ್ರಿಯಾಯೋಜನೆಯಲ್ಲಿ ಆ ಕಾಮಗಾರಿ ಸೇರಿರಬೇಕು. ಇಲ್ಲವೆಂದರೆ ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಟಾಸ್ಕ್‌ಫೋರ್ಸ್‌ಗೆ ಬರೆಯಬೇಕು. ಅಷ್ಟರಲ್ಲಿ ಹದಿನೈದು ದಿನ ಹೋಗುತ್ತದೆ. ನಡುವೆ ಜನ ಏನು ಕುಡಿಯಬೇಕು? ಟ್ಯಾಂಕರ್ ತರಿಸಬಹುದು, ದುಬಾರಿ, ಮತ್ತು ಟ್ಯಾಂಕರ್ ನಿಂತಲ್ಲಿ ಜಗಳ ಖಚಿತ. ತುಂಬು ಬೋರ್ ಇರುವ ರೈತನೊಬ್ಬನಿಂದ ಬಾಡಿಗೆಗೆ ನೀರು ಪಡೆಯಬಹುದು; ಅವನ ತೋಟ ಒಣಗಿದರೆ ಯಾರು ಹೊಣೆ ಎಂದು ಕೇಳುತ್ತಾನೆ, ಕೇಳುವುದರಲ್ಲಿ ತಪ್ಪಿಲ್ಲ. ನಾಳೆ ಮಳೆ ಬಂದರೆ ಮಾಡಿದ ಖರ್ಚೆಲ್ಲ ದಂಡ ಎನ್ನುತ್ತಾರೆ. ಬರದಿದ್ದರೆ ಯಾಕೆ ಇನ್ನೂ ಹೆಚ್ಚು ಮಾಡಲಿಲ್ಲ ಎನ್ನುತ್ತಾರೆ. ಅನಿಶ್ಚಿತತೆ ಎಂಬ ದೊಡ್ಡ ಮಾತಿಗೆ ಹಳ್ಳಿಯಲ್ಲಿರುವ ಅರ್ಥ ಇದು.

ಆಕೆ ರೈತನ ಮನೆಗೆ ತಾನೇ ಹೋಗುತ್ತಾಳೆ ಎಂದಿಟ್ಟುಕೊಳ್ಳಿ. ‘ಅಣ್ಣಾ, ಒಂದು ತಿಂಗಳು ಬೆಳಗಿನ ಎರಡು ತಾಸು ಊರಿಗೆ ಬಿಡಿ, ಮಿಕ್ಕದ್ದು ನಿಮ್ಮ ಅಡಿಕೆಗೆ’ ಎನ್ನುತ್ತಾಳೆ. ಅವನು, ‘ನೋಡವ್ವಾ, ದುಡ್ಡಿನ ಮಾತಲ್ಲ, ಹಿಂದಿನವರೂ ಹೀಗೇ ಹೇಳಿ ಬಾಡಿಗೆ ಕೊಡಲೇ ಇಲ್ಲ’ ಎನ್ನುತ್ತಾನೆ. ಈ ಒಂದು ಮಾತಿನಿಂದ ಆಕೆಗೆ ತಿಳಿಯುವುದು ಯಾವ ತರಬೇತಿಯಲ್ಲೂ ತಿಳಿಯದು. ಪಂಚಾಯಿತಿಯ ಮಾತಿಗೆ ಊರಿನಲ್ಲಿ ಎಷ್ಟು ಬೆಲೆ ಉಳಿದಿದೆ, ಅದನ್ನು ಗಳಿಸಲು ಹಳೆಯ ಬಾಕಿಯನ್ನು ಮೊದಲು ತೀರಿಸಬೇಕು ಎಂಬುದು. ಹಾಗೆ ಹಳೆಯ ಬಾಕಿಯ ಕಡತ ಹುಡುಕಿಸುತ್ತಾಳೆ. ಹುಡುಕಿಸುವಾಗ ಕಡತ ಎಲ್ಲಿರುತ್ತದೆ, ಯಾರು ಇಟ್ಟುಕೊಂಡಿರುತ್ತಾರೆ, ಯಾಕೆ ಅದು ಸಿಗುವುದಿಲ್ಲ ಎಂಬುದನ್ನೂ ಕಲಿಯುತ್ತಾಳೆ.

ಕಳ್ಳ ಮೋಟಾರಿನ ಸದಸ್ಯರ ಸಂಗತಿ ಕೊನೆಗೆ ಉಳಿಯುತ್ತದೆ. ಸಭೆಯಲ್ಲಿ ಎತ್ತಿದರೆ ಬೆಂಬಲ ಹೋದೀತು. ಬಿಟ್ಟರೆ ಬಾಗಿಲಿಗೆ ಬಂದಿದ್ದ ನಾಲ್ಕು ಹೆಂಗಸರ ಮುಖ ನೋಡಲಾಗದು. ಇಂಥಲ್ಲಿ ಏನು ಮಾಡಿದಳು ಎಂಬುದಕ್ಕಿಂತ, ಮಾಡಿದ್ದರ ಫಲವನ್ನು ಮುಂದಿನ ಎಂಟು ದಿನ ತಾನೇ ಕಣ್ಣಾರೆ ಕಂಡಳೇ ಎಂಬುದರಲ್ಲಿ ಕಲಿಕೆ ಅಡಗಿದೆ.

ಸಹಿ, ಠರಾವು, ಡಾಂಗಲ್

ಪಂಚಾಯಿತಿಯ ಹಣ ಹೊರಹೋಗುವುದು ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಇಬ್ಬರ ಒಪ್ಪಿಗೆಯಿಂದ. ಮೊದಲು ಚೆಕ್ಕಿಗೆ ಜಂಟಿ ಸಹಿ ಇತ್ತು. ಈಗ ಡಿಜಿಟಲ್ ಸಹಿಯ ಸಾಧನ ಬಂದಿದೆ. ಕಚೇರಿಗಳಲ್ಲಿ ಅದನ್ನು ಡಾಂಗಲ್ ಎಂದೇ ಕರೆಯುತ್ತಾರೆ. ಬೆರಳುದ್ದದ ಆ ವಸ್ತು ಯಾರ ಬಳಿ ಇರುತ್ತದೆ ಎಂದು ಕೇಳಿದರೆ ಆ ಪಂಚಾಯಿತಿಯಲ್ಲಿ ಅಧಿಕಾರ ಯಾರದು ಎಂಬುದು ಗೊತ್ತಾಗುತ್ತದೆ. ಅಧ್ಯಕ್ಷೆಯ ಡಾಂಗಲ್ ಕಂಪ್ಯೂಟರ್ ಆಪರೇಟರನ ಮೇಜಿನಲ್ಲೇ ಸಿಕ್ಕಿಸಿಕೊಂಡಿದ್ದರೆ, ಪಾಸ್‌ವರ್ಡ್ ಚೀಟಿಯಲ್ಲಿ ಅಂಟಿಸಿದ್ದರೆ, ಆಕೆ ಐದು ವರ್ಷ ಕೂತರೂ ಲೆಕ್ಕ ಕಲಿಯುವುದಿಲ್ಲ.

ಓದು ಕಡಿಮೆ ಇದ್ದವರು ಇದನ್ನು ದಾಟಿದ ಬಗೆ ಒಂದೇ: ಓದಿಸಿ ಕೇಳುವುದು. ‘ಇದು ಯಾವ ಬಿಲ್ಲು? ಕೆಲಸ ಆಗಿದೆಯಾ? ಯಾರು ಅಳೆದರು?’ ಇಷ್ಟನ್ನು ಪ್ರತಿ ಸಹಿಗೆ ಮುಂಚೆ ಬಿಡದೆ ಕೇಳಿದರೆ, ಆರು ತಿಂಗಳಲ್ಲಿ ಕಚೇರಿಯ ನಡೆ ತಾನಾಗಿ ಬದಲಾಗುತ್ತದೆ. ಬಿಲ್ಲು ತರುವವರು ಫೋಟೊ, ಅಳತೆ ಪುಸ್ತಕ ಜೊತೆಗಿಟ್ಟುಕೊಂಡೇ ಬರುತ್ತಾರೆ. ಅಕ್ಷರ ಬಾರದಿರುವುದು ಅಡ್ಡಿಯೇ ಹೌದು. ಆದರೆ ಅಕ್ಷರ ಬಂದವರು ಓದದೆ ಸಹಿ ಹಾಕಿ ಸಿಕ್ಕಿಬಿದ್ದದ್ದಕ್ಕೂ ಕಡಿಮೆಯಿಲ್ಲ.

ಠರಾವು ಪುಸ್ತಕದ ಪಾಠ ಇನ್ನೂ ಸೂಕ್ಷ್ಮ. ಸಭೆಯಲ್ಲಿ ಆಡಿದ ಮಾತು ಒಂದು, ನಡಾವಳಿಯಲ್ಲಿ ಬರೆದದ್ದು ಇನ್ನೊಂದು ಆಗಿರುವುದುಂಟು. ಸಭೆ ಮುಗಿಯುವ ಮುಂಚೆಯೇ ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಸಾಲಿನ ಕೆಳಗೆ ಜಾಗ ಬಿಡದಂತೆ ಗೆರೆ ಎಳೆಸಿ, ಆಮೇಲೆ ಸಹಿ ಹಾಕುವ ಅಭ್ಯಾಸವನ್ನು ಯಾರಾದರೂ ಒಮ್ಮೆ ಮೋಸಹೋದ ಮೇಲೆಯೇ ಕಲಿಯುವುದು. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಲೆಕ್ಕವನ್ನು ಊರ ಮುಂದೆ ಇಡಬೇಕಾದಾಗ ಈ ಅಭ್ಯಾಸ ಕೈ ಹಿಡಿಯುತ್ತದೆ.

ಮಾತಿನ ಕಲಿಕೆ

ಮೊದಲ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡುವುದು ಎಷ್ಟು ಕಷ್ಟ ಎಂಬುದನ್ನು ಗಂಡಸರು ಊಹಿಸುವುದೂ ಕಷ್ಟವೇ. ಅರಳಿಕಟ್ಟೆಯ ಮುಂದೆ ಸೆರಗು ಹೊದ್ದು ಬೇಗ ಬೇಗ ನಡೆದು ಹೋಗಬೇಕು ಎಂದು ಬೆಳೆಸಿದ ಊರಿನಲ್ಲಿ, ಅದೇ ಕಟ್ಟೆಯ ಮೇಲೆ ಮೈಕು ಹಿಡಿಯಬೇಕು. ಮಾವನೋ ಭಾವನೋ ಎದುರಿಗೆ ಕೂತಿರುತ್ತಾರೆ. ಈ ಅಳುಕನ್ನು ಕಳೆದುಕೊಂಡವರಲ್ಲಿ ಬಹಳ ಮಂದಿ ಪಂಚಾಯಿತಿಗೆ ಬರುವ ಮುಂಚೆಯೇ ಸಂಘದಲ್ಲಿ ಮಾತು ರೂಢಿಸಿಕೊಂಡವರು. 1980ರ ದಶಕದ ಕೊನೆಗೆ ರಾಜ್ಯದಲ್ಲಿ ಶುರುವಾದ ಮಹಿಳಾ ಸಮಖ್ಯಾ, 2000–01ರಲ್ಲಿ ಬಂದ ಸ್ತ್ರೀಶಕ್ತಿ ಸಂಘಗಳು ಹೆಣ್ಣುಮಕ್ಕಳನ್ನು ವಾರಕ್ಕೊಮ್ಮೆ ಸುತ್ತ ಕೂರಿಸಿದವು. ಸಂಘದ ಪುಸ್ತಕ ಬರೆದವಳಿಗೆ ಪಂಚಾಯಿತಿಯ ಜಮಾ ಖರ್ಚು ಪೂರಾ ಹೊಸದಲ್ಲ. ಸಾಲ ಕಟ್ಟದ ನೆಂಟಳನ್ನು ಸಂಘದ ನಡುವೆ ಕೇಳಿದವಳಿಗೆ ಕಂದಾಯ ಕಟ್ಟದ ಗೌಡರನ್ನು ಕೇಳುವ ದಾರಿ ಒಂದಷ್ಟು ಗೊತ್ತಿರುತ್ತದೆ.

ತರಬೇತಿ ಎಲ್ಲಿ ನೆರವಾಗುತ್ತದೆ

ಕೆಲಸವೇ ಎಲ್ಲ ಕಲಿಸುತ್ತದೆ, ತರಗತಿ ಬೇಡ ಎನ್ನುವುದು ತಪ್ಪಾದೀತು. ನಿಯಮ ಗೊತ್ತಿಲ್ಲದವರನ್ನು ಗೊತ್ತಿರುವವರು ಸುಲಭವಾಗಿ ಆಟ ಆಡಿಸುತ್ತಾರೆ. ಮೈಸೂರಿನಲ್ಲಿರುವ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಈ ಕೆಲಸವನ್ನು ಮೊದಲಿನಿಂದ ಹೊತ್ತುಕೊಂಡಿದೆ. ಸಾವಿರಾರು ಪಂಚಾಯಿತಿಗಳ ಸದಸ್ಯರನ್ನು ಒಂದೇ ಕಡೆ ಕರೆಸಿ ಕಲಿಸುವುದು ಆಗದ ಮಾತು. ಹಾಗಾಗಿ 1990ರ ದಶಕದಲ್ಲೇ ಇಸ್ರೋ ನೆರವಿನಿಂದ ಉಪಗ್ರಹದ ಮೂಲಕ ಪಾಠ ಹೇಳುವ ಪ್ರಯೋಗ ನಡೆಯಿತು; ಮುಂದೆ ಮೈಸೂರಿನ ಸ್ಟುಡಿಯೋದಿಂದ ತಾಲ್ಲೂಕು ಕೇಂದ್ರಗಳಿಗೆ ನೇರ ಪ್ರಸಾರದ ತರಬೇತಿ ನೆಲೆಗೊಂಡಿತು. ತಾಲ್ಲೂಕು ಪಂಚಾಯಿತಿಯ ಸಭಾಂಗಣದಲ್ಲಿ ಪರದೆ ನೋಡುತ್ತಾ ಕೂತ ಸದಸ್ಯೆ ಫೋನಿನಲ್ಲಿ ಪ್ರಶ್ನೆ ಕೇಳಿ, ಮೈಸೂರಿನಿಂದ ಉತ್ತರ ಪಡೆಯುವ ಏರ್ಪಾಡು ಅದು.

ಆ ತರಬೇತಿಗಳ ದೊಡ್ಡ ಲಾಭ ಪರದೆಯಿಂದ ಆಚೆಗಿತ್ತು ಎನಿಸುತ್ತದೆ. ಊಟದ ಹೊತ್ತಿನಲ್ಲಿ ಪಕ್ಕದ ಪಂಚಾಯಿತಿಯ ಅಧ್ಯಕ್ಷೆ ಸಿಗುತ್ತಾಳೆ. ‘ನಿಮ್ಮಲ್ಲಿ ಬೀದಿದೀಪದ ಕರೆಂಟ್ ಬಿಲ್ ಹೆಂಗೆ ಕಟ್ತೀರಿ ಅಕ್ಕಾ?’ ಎಂದು ಶುರುವಾದ ಮಾತು ಫೋನ್ ನಂಬರಿನ ತನಕ ಹೋಗುತ್ತದೆ. ರೆವನ್ಸ್ ಗಣಿಗಳ ಮ್ಯಾನೇಜರುಗಳನ್ನು ಒಟ್ಟಿಗೆ ಕೂರಿಸಿ ಪಡೆದದ್ದು ಇದನ್ನೇ. ಇದನ್ನು ಅರಿತು ಕೆಲಸ ಮಾಡಿದ ಸಂಸ್ಥೆಗಳೂ ಇವೆ. ದಿ ಹಂಗರ್ ಪ್ರಾಜೆಕ್ಟ್ ರಾಜ್ಯದ ಹಲವು ಜಿಲ್ಲೆಗಳಲ್ಲಿ ಚುನಾಯಿತ ಹೆಣ್ಣುಮಕ್ಕಳಿಗೆ ಕಾರ್ಯಾಗಾರ ನಡೆಸಿ, ‘ಸುಗ್ರಾಮ’ ಎಂಬ ಅವರದೇ ಒಕ್ಕೂಟ ಕಟ್ಟಲು ನೆರವಾಯಿತು. ಒಬ್ಬಳನ್ನು ಕಚೇರಿಯಲ್ಲಿ ಹೀಯಾಳಿಸಿದಾಗ ಹತ್ತು ಜನ ಸದಸ್ಯೆಯರು ಒಟ್ಟಿಗೆ ಹೋಗಿ ಕೇಳುವ ಬಲ ಒಕ್ಕೂಟದಿಂದ ಬರುತ್ತದೆ. ಅಧಿಕಾರಿಗಳು ಹೇಳುವ ಉತ್ತರದಷ್ಟೇ, ತನ್ನಂಥವಳೇ ಕೇಳುವ ಪ್ರಶ್ನೆಯೂ ಬೇಕು.

2021ರ ಕಾರ್ಯಪಡೆ

ಎರಡನೇ ಅಲೆಗೆ ಹಿಂತಿರುಗೋಣ. ಪಂಚಾಯಿತಿಗೊಂದು ಕೋವಿಡ್ ಕಾರ್ಯಪಡೆ ಇತ್ತು. ಅಧ್ಯಕ್ಷರು, ಪಿಡಿಒ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಅದರಲ್ಲಿದ್ದರು. ಕೆಲಸದ ಪಟ್ಟಿ ಮೇಲಿಂದ ಬಂದಿತ್ತು: ಮನೆ ಮನೆ ಸಮೀಕ್ಷೆ, ಜ್ವರ ಬಂದವರ ಗುರುತು, ಪ್ರತ್ಯೇಕವಾಸ, ಲಸಿಕೆಗೆ ಜನರನ್ನು ಒಪ್ಪಿಸುವುದು. ಪಟ್ಟಿಯಲ್ಲಿ ಇಲ್ಲದ್ದು ಊರಿನಲ್ಲಿತ್ತು. ಒಂದೇ ಕೋಣೆಯ ಮನೆಯಲ್ಲಿ ಪ್ರತ್ಯೇಕವಾಸ ಹೇಗೆ? ಶಾಲೆಯಲ್ಲಿ ಇರಿಸೋಣವೆಂದರೆ ಶೌಚಾಲಯಕ್ಕೆ ನೀರಿಲ್ಲ. ಲಸಿಕೆ ಹಾಕಿಸಿಕೊಂಡರೆ ಸಾಯುತ್ತಾರೆ ಎಂಬ ಗಾಳಿಮಾತು ಆಶಾ ಕಾರ್ಯಕರ್ತೆಗಿಂತ ಮುಂಚೆ ಮನೆ ಸೇರಿರುತ್ತಿತ್ತು.

ಇಂಥ ಹೊತ್ತಿನಲ್ಲಿ ಅಧ್ಯಕ್ಷೆಯೊಬ್ಬಳು ತಾನೇ ಮೊದಲು ತೋಳು ಚಾಚಿ ಸೂಜಿ ಹಾಕಿಸಿಕೊಂಡು, ಅತ್ತೆಯನ್ನೂ ಕೂರಿಸಿ ಹಾಕಿಸಿದರೆ, ಅದು ಹತ್ತು ಕರಪತ್ರಕ್ಕೆ ಸಮ. ಅಡುಗೆಮನೆವರೆಗೆ ಹೋಗಿ ಮಾತಾಡಬಲ್ಲ ನಾಯಕಿ ಗಂಡಸು ಅಧ್ಯಕ್ಷನಿಗಿಂತ ಒಂದು ಹೆಜ್ಜೆ ಮುಂದಿದ್ದಳು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮುದುಕ ಒಬ್ಬನೇ ಇದ್ದಾನೆ, ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂಬುದು ಆಕೆಗೆ ಸಮೀಕ್ಷೆಗೆ ಮುಂಚೆಯೇ ಗೊತ್ತಿತ್ತು. ಊರಿಗೆ ಮರಳಿ ಬಂದವರಿಗೆ ಜಾಬ್ ಕಾರ್ಡ್ ಮಾಡಿಸಿ ನರೇಗಾದಲ್ಲಿ ಕೆಲಸ ಕೊಡಿಸುವುದು, ಕೆರೆಯ ಹೂಳೆತ್ತುವಾಗ ಕೂಲಿಯವರನ್ನು ದೂರ ದೂರ ನಿಲ್ಲಿಸುವುದು ಇವನ್ನೂ ದಿನದಿನದ ತೀರ್ಮಾನವಾಗಿ ಕಲಿಯಬೇಕಾಯಿತು. ನಿನ್ನೆಯ ಆದೇಶ ಇಂದು ಬದಲಾಗುತ್ತಿದ್ದ ಆ ವಾರಗಳಲ್ಲಿ, ಆದೇಶ ಬರುವ ತನಕ ಕಾದವರಿಗಿಂತ, ಸಂಜೆ ಆಶಾ, ಅಂಗನವಾಡಿಯವರ ಜೊತೆ ಕೂತು ಇವತ್ತು ಏನಾಯಿತು, ನಾಳೆ ಯಾವ ಬೀದಿ ಎಂದು ಮಾತಾಡಿಕೊಳ್ಳುವ ರೂಢಿ ಇದ್ದವರು ಬೇಗ ದಾರಿ ಕಂಡುಕೊಂಡರು. ಆ ಸಂಜೆಯ ಮಾತುಕತೆಯೇ ಕೆಲಸವನ್ನು ಕಲಿಕೆಯಾಗಿ ಮಾಡುವುದು. ಅದಿಲ್ಲದೆ ದಿನ ಬರೀ ದಣಿವಿನಲ್ಲಿ ಮುಗಿಯುತ್ತದೆ.

ಕಲಿಕೆ ಎಲ್ಲಿ ಕಡಿದುಹೋಗುತ್ತದೆ

‘ಅಧ್ಯಕ್ಷರ ಯಜಮಾನರು’ ಎಂಬುದು ಕಚೇರಿಗಳಲ್ಲಿ ಒಂದು ಹುದ್ದೆಯಂತೆ ಕೇಳಿಸುವ ಮಾತು. ಆತ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ, ಗುತ್ತಿಗೆದಾರರ ಫೋನ್ ತೆಗೆದುಕೊಳ್ಳುತ್ತಾನೆ, ಠರಾವಿನ ಕರಡು ಹೇಳಿಸುತ್ತಾನೆ. ಇದನ್ನು ನೋಡಿ ಮೀಸಲಾತಿಯೇ ಸುಳ್ಳು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಮೊದಲ ಆರು ತಿಂಗಳು ಗಂಡನ ನೆರಳಲ್ಲಿ ಬಂದು, ಎರಡನೇ ವರ್ಷ ‘ನೀವು ಹೊರಗೆ ಕೂತಿರಿ, ಸಭೆ ಮುಗಿಸಿ ಬರ್ತೀನಿ’ ಎಂದವರೂ ಇದೇ ವ್ಯವಸ್ಥೆಯಿಂದ ಬಂದವರು. ಆದರೆ ಸಹಿ ಆಕೆಯದು, ತೀರ್ಮಾನ ಆತನದು ಆಗಿ ಉಳಿದ ಕಡೆ ಅನುಭವವೆಲ್ಲ ಆತನಿಗೆ ಸೇರುತ್ತದೆ, ತನಿಖೆಯ ನೋಟಿಸು ಮಾತ್ರ ಆಕೆಗೆ.

ಅಧಿಕಾರಿಯೂ ಹೀಗೇ ಅಡ್ಡಬರಬಲ್ಲ. ‘ಮೇಡಂ, ಅದೆಲ್ಲ ನಿಮಗೆ ಯಾಕೆ ತಲೆನೋವು, ನಾನು ನೋಡ್ಕೊಳ್ತೀನಿ’ ಎನ್ನುವ ಪಿಡಿಒ ಒಳ್ಳೆಯವರೇ ಇರಬಹುದು. ಆದರೆ ಆಕೆಯ ಕಲಿಕೆಯನ್ನು ಅವರು ಕಸಿದುಕೊಳ್ಳುತ್ತಿದ್ದಾರೆ. ನಿಯಮವನ್ನು ಮುಂದಿಟ್ಟು, ‘ಎರಡು ದಾರಿ ಇವೆ, ನೀವು ಹೇಳಿ’ ಎನ್ನುವ ಪಿಡಿಒ ಸಿಕ್ಕಿದ್ದರೆ ಅದು ಆಕೆಯ ಅದೃಷ್ಟ.

ಅವಧಿಯ ಸಮಸ್ಯೆ ಬೇರೆ. 2020ರಲ್ಲಿ ಆಯ್ಕೆಯಾದ ಪಂಚಾಯಿತಿಗಳಲ್ಲಿ ಅಧ್ಯಕ್ಷರ ಅವಧಿ 30 ತಿಂಗಳಾಗಿತ್ತು. ಕೆಲವೆಡೆ ಅದನ್ನೂ ಒಳಒಪ್ಪಂದದ ಮೇಲೆ ಇಬ್ಬರು ಮೂವರು ಹಂಚಿಕೊಂಡರು, ನಡುವೆ ಅವಿಶ್ವಾಸದ ಬೆದರಿಕೆ ಇತ್ತು. ಮೊದಲ ಬೇಸಿಗೆ ತೊಡಕು ಅರಿಯಲು, ಎರಡನೆಯದು ಸರಿಮಾಡಲು ಬೇಕು. ಮೂರನೆಯದು ಮುಗಿಯುತ್ತಿದ್ದಂತೆ ಕುರ್ಚಿ ಬದಲಾಗುತ್ತದೆ. ಮೀಸಲಾತಿ ಸರದಿಯ ಮೇಲೆ ಬದಲಾಗುವುದರಿಂದ, ಕೆಲಸ ಕಲಿತ ಹೆಣ್ಣುಮಗಳ ವಾರ್ಡು ಇನ್ನೊಂದು ವರ್ಗಕ್ಕೆ ಹೋಗಿಬಿಡುತ್ತದೆ. ಸಾಮಾನ್ಯ ಸ್ಥಾನದಲ್ಲಿ ನಿಲ್ಲಿ ಎಂದು ಹೇಳುವುದು ಸುಲಭ. ಅಲ್ಲಿ ಹಣವೂ ಗುಂಪೂ ಬೇಕು. ಸರದಿಯಿಂದ ಹೆಚ್ಚು ಮಂದಿಗೆ ಅವಕಾಶ ಸಿಗುತ್ತದೆ ಎಂಬುದು ನಿಜವಾದರೂ, ಒಬ್ಬಳು ಎರಡು ಅವಧಿ ಪೂರ್ತಿ ಉಳಿಯುವುದಕ್ಕೆ ಬೆಲೆ ಇದೆ ಎಂಬುದನ್ನು ನಿಯಮ ಮಾಡುವವರು ಮನಸ್ಸಿಗೆ ತಂದುಕೊಳ್ಳಬೇಕು. ಚುನಾವಣೆ ಮುಂದೂಡಿ ಆಡಳಿತಾಧಿಕಾರಿಯನ್ನು ಕೂರಿಸಿದ ತಿಂಗಳುಗಳಂತೂ ಈ ಲೆಕ್ಕದಲ್ಲಿ ಶುದ್ಧ ನಷ್ಟ. 2020ರಲ್ಲಿ, ಮೊದಲ ಅಲೆಯ ನಡುವೆ, ಹಳಬರ ಅವಧಿ ಮುಗಿದು ಅಂಥದ್ದೇ ಒಂದು ಖಾಲಿ ಕಾಲ ಬಂದಿತ್ತು.

ಅಧ್ಯಯನಗಳು ಕಂಡದ್ದು

ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯಿತಿಗಳನ್ನು ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರಾದದ್ದು. ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದ ಕಡೆ, ಊರಿನ ಹೆಣ್ಣುಮಕ್ಕಳು ಹೆಚ್ಚು ಕೇಳುವ ಸೌಕರ್ಯಗಳಿಗೆ, ಮುಖ್ಯವಾಗಿ ಕುಡಿಯುವ ನೀರಿಗೆ, ಹೆಚ್ಚು ಹೂಡಿಕೆ ಆದದ್ದು ಕಂಡುಬಂತು. 2009ರಲ್ಲಿ ಬಂದ ಇನ್ನೊಂದು ಅಧ್ಯಯನ ಪಶ್ಚಿಮ ಬಂಗಾಳದ್ದು. ಎರಡು ಸಲ ಸತತವಾಗಿ ಹೆಣ್ಣು ಅಧ್ಯಕ್ಷರನ್ನು ಕಂಡ ಊರುಗಳಲ್ಲಿ, ಆಮೇಲೆ ಹೆಣ್ಣುಮಕ್ಕಳು ಚುನಾವಣೆಗೆ ನಿಲ್ಲುವುದೂ ಗೆಲ್ಲುವುದೂ ಹೆಚ್ಚಿತು. ಅಂದರೆ ಕುರ್ಚಿಯಲ್ಲಿ ಕೂತವಳು ಕಲಿಯುವಾಗ, ನೋಡುತ್ತಿದ್ದ ಊರೂ ಕಲಿಯುತ್ತದೆ. 2012ರ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಂಥ ಊರುಗಳ ಹುಡುಗಿಯರ ಓದಿನಲ್ಲೂ ಹೆತ್ತವರು ಅವರ ಬಗ್ಗೆ ಇಟ್ಟುಕೊಂಡ ಆಸೆಯಲ್ಲೂ ಏರಿಕೆ ಕಂಡಿತು.

ಅವಧಿ ಮುಗಿದ ಮೇಲೆ

ಅಧಿಕಾರ ಹಸ್ತಾಂತರಕ್ಕೆ ಪಟ್ಟಿ ಇರುತ್ತದೆ: ನಗದು ಪುಸ್ತಕ, ಠರಾವು ಪುಸ್ತಕ, ಬೀರುವಿನ ಬೀಗದ ಕೈ. ಹಳೆಯ ಡಾಂಗಲ್ ಆ ದಿನದಿಂದ ಕೆಲಸ ಮಾಡುವುದಿಲ್ಲ. ಯಾವ ವಾಲ್ವ್ ಎಷ್ಟು ಹೊತ್ತು ತಿರುಗಿಸಬೇಕು, ಯಾವ ರೈತನಿಗೆ ಬಾಡಿಗೆಯನ್ನು ಮೊದಲೇ ಕೊಟ್ಟರೆ ನೀರು ಬಿಡುತ್ತಾನೆ, ಯಾವ ಗುತ್ತಿಗೆದಾರನ ಬಿಲ್ಲನ್ನು ಎರಡು ಸಲ ಓದಿಸಬೇಕು ಎಂಬುದು ಆ ಪಟ್ಟಿಯಲ್ಲಿ ಬರುವುದಿಲ್ಲ. ಇದನ್ನು ದಾಟಿಸಲು ಸರ್ಕಾರದ ಕಡೆಯಿಂದ ದೊಡ್ಡ ಏರ್ಪಾಡು ಬೇಕಿಲ್ಲ. ಹಳೆಯ ಅಧ್ಯಕ್ಷೆಯನ್ನು ಹೊಸಬರ ಮೊದಲ ಎರಡು ಬೇಸಿಗೆಗೆ ಸಲಹೆಗಾರ್ತಿಯಾಗಿ ಕರೆಯಬಹುದು. ತಾಲ್ಲೂಕಿನ ತರಬೇತಿಯಲ್ಲಿ ಅವರನ್ನೇ ನಿಲ್ಲಿಸಿ ಮಾತಾಡಿಸಬಹುದು. ಇವು ಆಗುವ ತನಕ ದಾಟುವುದು ಹಿತ್ತಿಲ ಬಾಗಿಲಿನಿಂದಲೇ. ಮಾರ್ಚ್ ಕೊನೆಯ ಒಂದು ಸಂಜೆ ಹೊಸ ಅಧ್ಯಕ್ಷೆ ಹಳೆಯವಳ ಮನೆಗೆ ಬಂದು ಜಗಲಿಯಲ್ಲಿ ಕೂರುತ್ತಾಳೆ. ಇಬ್ಬರೂ ಬೇರೆ ಬೇರೆ ಗುಂಪು, ಚುನಾವಣೆಯಲ್ಲಿ ಮಾತು ಬಿಟ್ಟವರು. ಕಾಫಿ ಲೋಟ ಕೈಗೆ ಬಂದ ಮೇಲೆ ಆಕೆ ಕೇಳುತ್ತಾಳೆ: ‘ಅಕ್ಕಾ, ಆ ಕೆಳಗಿನ ಕೇರಿಗೆ ನೀವು ನೀರು ಹೆಂಗೆ ಕೊಟ್ರಿ?’